ಪೇಟಿ ಕಲಿತ ಕೈಗೆ ಯಾವ ಮಿಡಿ ಕೀಬೋರ್ಡ್?

ಅಪ್ಪನನ್ನು ಹೊಸ ಕೀಬೋರ್ಡಿನ ಮುಂದೆ ಕೂರಿಸಿದ ದಿನ ಅವರ ಬಲಗೈ ಸೀದಾ ಸಾ ಮೇಲೆ ಹೋಗಿ ಕೂತಿತು. ಎಡಗೈ ಮಾತ್ರ ಅದರ ಹಿಂದೆ ಹೋಗಿ ಏನನ್ನೋ ತಡಕಾಡಿತು. "ಯವ್ವಾ, ಇದಕ್ಕ ಗಾಳಿ ಹಾಕಾದು ಎಲ್ಲೈತಿ?" ಅಂದರು. ಬಯಲಾಟಕ್ಕೆ, ಭಜನೆಗೆ ನಲವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಮ್, ಬಾರಿಸಿದ ಕೈ ಅದು. ನಾನು ನಕ್ಕುಬಿಟ್ಟೆ. ಆದರೆ ಕೊಳ್ಳುವ ಮುಂಚೆ ನಾನೇ ಆ ಪ್ರಶ್ನೆ ಕೇಳಿಕೊಂಡಿದ್ದರೆ ಮೊದಲ ಸಲ ಕಳೆದುಕೊಂಡ ದುಡ್ಡು ಉಳಿಯುತ್ತಿತ್ತು.

ನಾನು ಕಾರಟಗಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್. ನಲಿ-ಕಲಿ ಮಕ್ಕಳ ಹಾಡು, ಆಗಸ್ಟ್ ಹದಿನೈದರ ಡ್ಯಾನ್ಸು, ಅಪ್ಪನ ಗೆಳೆಯರ ತತ್ವಪದ, ಇವಕ್ಕೆಲ್ಲ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಹಿನ್ನೆಲೆ ಸಂಗೀತ ಮಾಡುತ್ತೇನೆ. ಈಗ ಗಂಗಾವತಿ, ಸಿಂಧನೂರು ಕಡೆಯ ಪರಿಚಯದ ಹುಡುಗರು "ಅಕ್ಕಾರ, ಯಾವ್ದು ತಗೊಳ್ಳಾದು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮಿಡಿ ಅಂದರೆ ನಮಗೆ ಮಾವಿನ ಮಿಡಿ, ಇಲ್ಲವೇ ತಂತಿ ಮಿಡಿಯೋದು. ಈ ಮಿಡಿ ಅದೆರಡೂ ಅಲ್ಲ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡಲಿ ಅಂತ 1983ರಲ್ಲಿ ಬಂದ ಒಂದು ಭಾಷೆ ಇದು. ಕೀ ಒತ್ತಿದಾಗ ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವುದು ನಾದವಲ್ಲ, ಅಂಕಿಗಳು: 60ನೇ ಸ್ವರ, 84ರಷ್ಟು ಜೋರು, ಈಗ ಒತ್ತಿದೆ, ಈಗ ಬಿಟ್ಟೆ. ಆ ಅಂಕಿಗೆ ಕೊಳಲೋ, ಸಿತಾರೋ, ಪೇಟಿಯೋ, ದನಿ ಕೊಡುವುದು ಸಾಫ್ಟ್‌ವೇರ್. ಹಾಗಾಗಿ ಬರೀ ಮಿಡಿ ಕೀಬೋರ್ಡ್ ತಂದು ಕರೆಂಟ್ ಕೊಟ್ಟು ಒತ್ತಿದರೆ ತುಟಿ ಪಿಟಕ್ ಅನ್ನೋದಿಲ್ಲ. ಕೆಟ್ಟಿದೆ ಅಂತ ವಾಪಸ್ ಕಳಿಸಿದವರನ್ನು ನೋಡಿದ್ದೇನೆ.

ನಮ್ಮ ಊರಿನಂಥ ಕಡೆ ಇದರಿಂದ ಒಂದು ದೊಡ್ಡ ಲಾಭವಿದೆ. ನಮ್ಮ ಮನೆ ಹಿಂದೆ ರೈಸ್‌ಮಿಲ್ಲು. ಸುಗ್ಗಿ ಬಂತೆಂದರೆ ಹಗಲು ರಾತ್ರಿ ಒಂದೇ ಗುಂಯ್ ಸದ್ದು, ಮೇಲೆ ಭತ್ತದ ಟ್ರ್ಯಾಕ್ಟರುಗಳು. ಮೈಕ್ ಇಟ್ಟು ಪೇಟಿ ರೆಕಾರ್ಡ್ ಮಾಡಿದರೆ ಪೇಟಿಗಿಂತ ಮಿಲ್ಲೇ ಚೆನ್ನಾಗಿ ಕೇಳುತ್ತದೆ. ಮಿಡಿಯಲ್ಲಿ ಮೈಕೇ ಬೇಡವಲ್ಲ, ಮೇ ತಿಂಗಳ ಬಿಸಿಲಲ್ಲಿ ಫ್ಯಾನನ್ನು ಐದಕ್ಕಿಟ್ಟುಕೊಂಡೇ ನುಡಿಸಬಹುದು.

ಇನ್ನು ನಾನು ಮಾಡಿದ ತಪ್ಪು. ಮೊದಲ ಸಲ ಆನ್‌ಲೈನಿನಲ್ಲಿ ಕಂಡ 25 ಕೀಗಳ ಪುಟ್ಟದೊಂದನ್ನು ತರಿಸಿದೆ. ಒಂದಡಿ ಉದ್ದ, ಬಣ್ಣದ ದೀಪಗಳು, ಬೆರಳಿನಿಂದ ಬಡಿಯಲು ಎಂಟು ಪ್ಯಾಡು. ಚೆಂದವೇನೋ ಇತ್ತು. ಆದರೆ ಅದರ ಕೀಗಳು ಮಿನಿ, ಅಂದರೆ ಪೇಟಿಯ ಮನೆಗಿಂತ (ಪೇಟಿಯ ಕೀಗೆ ಮನೆ ಅನ್ನುತ್ತೇವೆ) ಕಿರಿದು. ಅಪ್ಪನ ಬೆರಳು ಒಂದು ಒತ್ತಿದರೆ ಪಕ್ಕದ್ದೂ ಸೇರಿ ಒತ್ತುತ್ತಿತ್ತು. ನನ್ನ ಬೆರಳು ಸಣ್ಣವು, ಆದರೂ ಸಾ ಇಂದ ಪಾ ಹಿಡಿಯುವ ಅಂದಾಜು ಕೈಯಲ್ಲೇ ಕೂತುಬಿಟ್ಟಿರುತ್ತದೆ. ಅಳತೆ ಬದಲಾದರೆ ಕಣ್ಣಿಟ್ಟು ನೋಡಿಕೊಂಡೇ ನುಡಿಸಬೇಕು. ಕಡೆಗೆ ಅದನ್ನು ಅರ್ಧ ರೇಟಿಗೆ ಮಾರಿದೆ.

25 ಕೀ ಅಂದರೆ ಎರಡು ಸಪ್ತಕ, ಮೇಲೊಂದು ಸಾ. 37ಕ್ಕೆ ಮೂರು, 49ಕ್ಕೆ ನಾಲ್ಕು, 61ಕ್ಕೆ ಐದು. ಒಂಟಿ ರಾಗದ ಸಾಲು ನುಡಿಸಲು ಎರಡು ಸಪ್ತಕ ಸಾಕು, ಆಕ್ಟೇವ್ ಬಟನ್ ಒತ್ತಿ ಮೇಲೆ ಕೆಳಗೆ ಹೋಗಬಹುದು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅಪ್ಪನ ಪೇಟಿಗೆ 42 ಮನೆ, ಮೂರೂವರೆ ಸಪ್ತಕ. ಅಂಥದ್ದರ ಮೇಲೆ ಬೆಳೆದ ಕೈ ಪದದ ನಡುವೆ ಬಟನ್ ಹುಡುಕುವುದಿಲ್ಲ. ಪೇಟಿ ಗೊತ್ತಿದ್ದವರಿಗೆ ನಾನು ಹೇಳುವುದು 49, ಪೂರ್ತಿ ಅಳತೆಯ ಕೀ. ಎರಡೂವರೆ ಅಡಿ ಚಿಲ್ಲರೆ ಉದ್ದ ಬರುತ್ತದೆ. ಮೊದಲು ಟೇಬಲ್ ಅಳೆಯಿರಿ, ಮುಂದೆ ಲ್ಯಾಪ್‌ಟಾಪಿಗೂ ಜಾಗ ಬೇಕು. 88 ಕೀಗಳದ್ದು, ಪಿಯಾನೊದಂಥ ಭಾರದ್ದು, ಪಿಯಾನೊ ಕಲಿಯುವವರಿಗೆ. ಏನೂ ಬಾರದೆ, ಬರೀ ಬೀಟ್ ಕೂಡಿಸುವ ಹುಡುಗರಿಗೆ ಪ್ಯಾಡಿರುವ 25 ಸಾಕೇ ಸಾಕು. ಅವರು ನನ್ನ ಮಾತು ಇಲ್ಲಿಗೇ ಬಿಡಬಹುದು.

ಈಗ ಅಪ್ಪನ ಪ್ರಶ್ನೆ, ಗಾಳಿ. ಪೇಟಿಯಲ್ಲಿ ಬೆರಳಿಗೆ ಜೋರು, ಮೆತ್ತಗೆ ಅನ್ನುವುದಿಲ್ಲ. ಹೇಗೆ ಒತ್ತಿದರೂ ದನಿ ಅಷ್ಟೇ, ಏರಿಳಿತವೆಲ್ಲ ಎಡಗೈಯ ಗಾಳಿಯಲ್ಲಿ. ಮಿಡಿ ಕೀಬೋರ್ಡ್ ಇದಕ್ಕೆ ಉಲ್ಟಾ. ಎಷ್ಟು ವೇಗವಾಗಿ ಒತ್ತಿದಿರೋ ಅಷ್ಟು ಜೋರು, 1ರಿಂದ 127ರವರೆಗೆ. ಇದಕ್ಕೆ ವೆಲಾಸಿಟಿ ಅನ್ನುತ್ತಾರೆ. ಅಪ್ಪ ನುಡಿಸಿದ ಒಂದು ಸಾಲನ್ನು ಪರದೆಯ ಮೇಲೆ ತೆಗೆದು ನೋಡಿದೆ: 102, 31, 77, 118, 40. ಕೇಳಿದರೆ ಹಳ್ಳಕೊಳ್ಳದ ರಸ್ತೆಯಲ್ಲಿ ಎತ್ತಿನ ಬಂಡಿ ಹೋದಂಗಿತ್ತು. ಅವರ ಬೆರಳಿನ ತಪ್ಪಲ್ಲ, ಆ ಬೆರಳಿಗೆ ಯಾರೂ ಆ ಲೆಕ್ಕ ಕೇಳಿರಲೇ ಇಲ್ಲ.

ಅದಕ್ಕೆ ಎರಡು ಕೆಲಸ ಮಾಡಿದೆ. ಸೆಟ್ಟಿಂಗಿನಲ್ಲಿ ವೆಲಾಸಿಟಿಯನ್ನು ಫಿಕ್ಸೆಡ್ ಮಾಡಿದೆ, ಹೇಗೆ ಒತ್ತಿದರೂ ಒಂದೇ ಅಂಕಿ. ಆಮೇಲೆ ಎಡಗಡೆ ಎರಡು ಚಕ್ರಗಳಿರುತ್ತವಲ್ಲ, ಅದರಲ್ಲಿ ಮಾಡ್ಯುಲೇಷನ್ ಚಕ್ರವನ್ನು ಸಾಫ್ಟ್‌ವೇರಿನಲ್ಲಿ ಎಕ್ಸ್‌ಪ್ರೆಷನ್‌ಗೆ, ಅಂದರೆ ದನಿಯ ಏರಿಳಿತ ನೋಡಿಕೊಳ್ಳುವ ಮಿಡಿಯ 11ನೇ ಕಂಟ್ರೋಲಿಗೆ ಜೋಡಿಸಿದೆ. ಚಕ್ರ ಪೂರ್ತಿ ಕೆಳಗಿದ್ದರೆ ದನಿಯೇ ಇಲ್ಲ, ಮೇಲೆ ತಳ್ಳಿದಷ್ಟೂ ತುಂಬುತ್ತದೆ. ಅಪ್ಪನ ಹೆಬ್ಬೆರಳು ಅದರ ಮೇಲೆ ಕೂತಿತು. ಎರಡು ನಿಮಿಷ ಮುಂದೆ ಹಿಂದೆ ಆಡಿಸಿ ನೋಡಿದರು. ಮೂರನೆಯ ಸಲಕ್ಕೆ ಪದದ ಸಾಲು ಉಸಿರು ತಗೊಂಡು ಬಿಟ್ಟಂಗೆ ಬಂತು. "ಹಾಂ, ಗಾಳಿ ಸಿಕ್ತು" ಅಂದರು.

ಇನ್ನೊಂದು ಚಕ್ರ ಪಿಚ್ ಬೆಂಡ್. ಬೆರಳು ಬಿಟ್ಟರೆ ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ ಎರಡು ಅರೆಸ್ವರದಷ್ಟು ಮೇಲೆ, ಅಷ್ಟೇ ಕೆಳಗೆ ಎಳೆಯುತ್ತದೆ. ಪಾ ಒತ್ತಿ ಕೆಳಗೆ ಎಳೆದರೆ ಶುದ್ಧ ಮಾ ವರೆಗೆ ಜಾರಿಸಿಕೊಂಡು ಹೋಗಬಹುದು. ಸ್ವರದಿಂದ ಸ್ವರಕ್ಕೆ ಜಾರಲು ಬರದು ಅನ್ನುವುದೂ ಒಂದು ಕಾರಣವಾಗಿ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಆ ಜಾರು ಈಗ ಪೇಟಿಯವರ ಕೈಗೆ ಸಿಕ್ಕಿದೆ. ಕೊಳಲು, ಸಾರಂಗಿಯ ದನಿಗೆ ಇದಿಲ್ಲದಿದ್ದರೆ ಸತ್ತಂಗಿರುತ್ತದೆ. ಹಾಗಂತ ಸಿಕ್ಕ ಸ್ವರವನ್ನೆಲ್ಲ ಎಳೆಯಬೇಡಿ.

ಆದ್ದರಿಂದ ಕೊಳ್ಳುವಾಗ ಬೇರೆ ಏನು ಬಿಟ್ಟರೂ ಎರಡು ಚಕ್ರ ಬಿಡಬೇಡಿ. ಅಕಾಯ್ ಎಂಪಿಕೆ ಮಿನಿಯ ಹಳೆಯ ಮಾದರಿಗಳಂಥವುಗಳಲ್ಲಿ ಚಕ್ರದ ಬದಲು ಒಂದು ಪುಟ್ಟ ಜಾಯ್‌ಸ್ಟಿಕ್ ಇರುತ್ತದೆ. ಅದು ಬಿಟ್ಟ ತಕ್ಷಣ ನಡುವಿಗೆ ಬರುವುದರಿಂದ ಗಾಳಿಯ ಕೆಲಸಕ್ಕೆ ಆಗಿಬರುವುದಿಲ್ಲ. ಎಂ-ಆಡಿಯೊ ಕೀಸ್ಟೇಷನ್ 49, ನೆಕ್ಟಾರ್ ಇಂಪ್ಯಾಕ್ಟ್ ಜಿಎಕ್ಸ್49 ಎರಡರಲ್ಲೂ ಚಕ್ರಗಳಿವೆ. ನೊವೇಷನ್ ಲಾಂಚ್‌ಕೀ 49ರಲ್ಲಿ ಚಕ್ರದ ಜೊತೆ ಪ್ಯಾಡು, ಗುಂಡಿ ಎಲ್ಲ ಇವೆ, ದುಡ್ಡೂ ಹಾಗೇ. ಆಫ್ಟರ್‌ಟಚ್, ಆರ್ಪೆಜಿಯೇಟರ್ ಅಂತ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಮೊದಲ ವರ್ಷ ಅವುಗಳ ಗೊಡವೆ ಬೇಡ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಮಾತ್ರ ಬೇಕು. ನಮ್ಮ ಶಾಲೆಯ ಹುಡುಗಿಯರು ಹಾಡುವುದು ಕರಿ ನಾಲ್ಕರಲ್ಲಿ, ನನ್ನ ಕೈ ಓಡುವುದು ಬಿಳಿ ಒಂದರಲ್ಲಿ.

ಮನೆಯಲ್ಲಿ ಆಗಲೇ ಯಮಹಾವೋ ಕ್ಯಾಸಿಯೋವೋ ಇದ್ದರೆ ಹಿಂಭಾಗ ತಿರುಗಿಸಿ ನೋಡಿ. ಚೌಕಾಕಾರದ ಯುಎಸ್‌ಬಿ ಕಿಂಡಿ, ಪಕ್ಕದಲ್ಲಿ "ಟು ಹೋಸ್ಟ್" ಅಂತ ಇದ್ದರೆ ಪ್ರಿಂಟರಿನ ಕೇಬಲ್ ಸಾಕು, ನಿಮ್ಮ ಮಿಡಿ ಕೀಬೋರ್ಡ್ ಮನೆಯಲ್ಲೇ ಇದೆ. ಒಂದೇ ನೋಡಬೇಕಾದ್ದು, ಮೆತ್ತಗೆ ಒತ್ತಿದರೆ ಮೆತ್ತಗೆ, ಜೋರಾಗಿ ಒತ್ತಿದರೆ ಜೋರಾಗಿ ಬರುತ್ತದೆಯೇ ಅಂತ. ನಾನು ಫಿಕ್ಸೆಡ್ ಮಾಡಿಕೊಂಡರೂ, ತಬಲಾ, ಡೋಲಕ್ ದನಿ ನುಡಿಸುವಾಗ ಅದು ಬೇಕೇ ಬೇಕು.

ನುಡಿಸಿದ್ದು ತಡವಾಗಿ ಕೇಳಿದರೆ ಕೀಬೋರ್ಡನ್ನು ಬೈಯಬೇಡಿ. ಬ್ಲೂಟೂತ್ ಇಯರ್‌ಫೋನ್ ತೆಗೆದು ವೈರಿನದ್ದು ಹಾಕಿ, ಅರ್ಧ ರೋಗ ಅಲ್ಲೇ ವಾಸಿ. ವಿಂಡೋಸ್ ಆಗಿದ್ದರೆ ಪುಕ್ಕಟೆ ಸಿಗುವ ಎಎಸ್‌ಐಒ4ಆಲ್ ಡ್ರೈವರ್ ಹಾಕಿ ಬಫರನ್ನು (ದನಿ ಹೊರಡಿಸುವ ಮುಂಚೆ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕು) 256ಕ್ಕೆ ಇಳಿಸಿ. ಆಗ ಆ ಬಫರಿನಿಂದ ಆಗುವ ತಡ ಸುಮಾರು 6 ಮಿಲಿಸೆಕೆಂಡು, ಕಿವಿಗೆ ತಿಳಿಯುವುದಿಲ್ಲ. ಸಾಫ್ಟ್‌ವೇರಿಗೆ ರೀಪರ್ 60 ದಿನ ಪುಕ್ಕಟೆ ನೋಡಬಹುದು, ಎಲ್‌ಎಂಎಂಎಸ್ ಯಾವತ್ತೂ ಪುಕ್ಕಟೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಕೀಬೋರ್ಡ್ ಆದರೆ, ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ಪದ ಮುಗಿಸಬಹುದು.

ಮಿಲ್ಲಿನ ತೌಡಿನ ಧೂಳು ಕೀ ಸಂದಿಗೆ ಇಳಿಯುತ್ತದೆ. ನಾನು ಅಪ್ಪನ ಹಳೇ ಪಂಚೆ ಹೊದಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಧೂಳನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಆರ್ಕೆಸ್ಟ್ರಾದವರು ಮಾರುವಾಗ ಮೊಬೈಲಿಗೆ ಯುಎಸ್‌ಬಿ ಜೋಡಿಸುವ ಒಂದು ಒಟಿಜಿ ಕೇಬಲ್, ಪಿಯಾನೊ ಆ್ಯಪ್ ಇರುವ ಮೊಬೈಲ್ ತಗೊಂಡು ಹೋಗಿ, ಅಲ್ಲೇ ಸಿಕ್ಕಿಸಿ. ಎಲ್ಲ ಕೀಗಳನ್ನೂ ಒಂದೊಂದಾಗಿ, ಮೆತ್ತಗೆ ಒಂದು ಸಲ, ಜೋರಾಗಿ ಒಂದು ಸಲ ಒತ್ತಿ. ಒಂದು ಒತ್ತಿಗೆ ಎರಡು ಸಲ ದನಿ ಬಂದರೆ, ಇಲ್ಲವೇ ಎಷ್ಟು ಮೆತ್ತಗೆ ಒತ್ತಿದರೂ ಒದರಿದರೆ, ಒಳಗಿನ ರಬ್ಬರ್ ಹೋಗಿದೆ ಅಥವಾ ಧೂಳು ತುಂಬಿದೆ. ಕೇಬಲ್ಲನ್ನು ಕಿಂಡಿಯಲ್ಲೇ ಸ್ವಲ್ಪ ಅಲ್ಲಾಡಿಸಿ ನೋಡಿ. ಸಂಪರ್ಕ ತಪ್ಪಿತೋ, ಚಹಾ ಕುಡಿದು ಎದ್ದು ಬನ್ನಿ.