ಹಳೇ ಬ್ಯಾನ್‌ಶೀಗೆ ಇಂಟೇಕ್ ಪಾರ್ಟ್ಸ್ ಕೊಳ್ಳುವ ಮುನ್ನ

ಗೆಳೆಯರೇ, ಯಮಹಾ ಬ್ಯಾನ್‌ಶೀ 350 (ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ನಾಲ್ಕು ಚಕ್ರದ ಆಫ್‌ರೋಡ್ ಗಾಡಿ) ಕೊಂಡವರು ಮೊದಲು ಹುಡುಕುವುದೇ ದೊಡ್ಡ ಕಾರ್ಬುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕಂಪನಿ ಕೊಟ್ಟ 26 ಮಿ.ಮೀ. ಮಿಕುನಿ ಕಾರ್ಬುರೇಟರ್ ಜೋಡಿಯೇ ಮರಳು, ಕಾಡುದಾರಿಯ ಸವಾರಿಗೆ ಧಾರಾಳ ಸಾಕು.

ಮೊದಲು ರೀಡ್ ವಾಲ್ವ್ (ಮಿಶ್ರಣವನ್ನು ಎಂಜಿನ್ ಒಳಗೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವ ತೆಳು ಎಲೆಗಳ ಕವಾಟ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಲೆಗಳ ಅಂಚು ಸೀಳಿದ್ದರೆ, ಸಂದಿಯಲ್ಲಿ ಬೆಳಕು ಎದ್ದು ಕಂಡರೆ ಬದಲಿಸಲೇಬೇಕು. ಉಕ್ಕಿನ ಎಲೆ ಮುರಿದರೆ ಚೂರು ನೇರ ಎಂಜಿನ್ ಒಳಗೆ ಹೋಗಿ ಸಿಲಿಂಡರ್ ಗೀರುತ್ತದೆ. ನಾನಂತೂ ಫೈಬರ್ ಎಲೆಯನ್ನೇ ಹಾಕಿಸುತ್ತೇನೆ. ಸವೆಯುತ್ತದೆ ನಿಜ, ಆದರೆ ಎಂಜಿನ್ ಉಳಿಯುತ್ತದೆ.

ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಪಾಲು ಇಳಿಯುತ್ತದೆ. ಬ್ಯಾನ್‌ಶೀಯಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಂಡಿತೆಂದೇ ಲೆಕ್ಕ.

ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬ) ಮುಚ್ಚಳ ತೆಗೆದರೆ ಅಥವಾ ಬೇರೆ ಬಗೆಯ ಫಿಲ್ಟರ್ ಹಾಕಿದರೆ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಪುಟ್ಟ ಭಾಗ) ದೊಡ್ಡದರಿಂದಲೇ ಶುರುಮಾಡಿ, ಎರಡೂ ಕಾರ್ಬುರೇಟರಿಗೆ ಒಂದೇ ನಂಬರ್. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ತಕ್ಷಣ ಎಂಜಿನ್ ನಿಲ್ಲಿಸಿ ಪ್ಲಗ್ ನೋಡಿ: ಕಂದು ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಮಿಶ್ರಣ ತೆಳು, ಮುಂದೆ ಓಡಿಸಬೇಡಿ.

ಮನೆಯಲ್ಲಿ ರಾಜದೂತ್ 350 ಇರುವವರೂ ಹೀಗೇ ನೋಡಬಹುದು, ಅದರಲ್ಲಿರುವುದೂ ರೀಡ್ ವಾಲ್ವೇ.