ಮಂಡೆಬಿಸಿ ಮೈಗಿಳಿದಾಗ: ನಾನು ಅನುಸರಿಸುವ ಕ್ರಮ

ಶಿರಸಿ, ಸಿದ್ದಾಪುರದ ಕಡೆ ಜುಲೈ ಹೊತ್ತಿಗೆ ನನ್ನ ಕ್ಲಿನಿಕ್ಕಿಗೆ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ಥರ. ಕುತ್ತಿಗೆ ಹಿಡಿದಿದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಹೊಟ್ಟೆ ಉರಿ, ಗುಳಿಗೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ. ಇನ್ನೊಂದೆರಡು ಪ್ರಶ್ನೆ ಕೇಳಿದರೆ ಮೂಲವಾದ ಮಂಡೆಬಿಸಿ, ಅಂದರೆ ಚಿಂತೆ, ಸಿಗುತ್ತದೆ: ಅಡಿಕೆಗೆ ಕೊಳೆರೋಗ ಬಾರದಂತೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆದು ನಲವತ್ತು ದಿನ ದಾಟಿದೆ, ಎರಡನೇ ಸಲ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುತ್ತಿಲ್ಲ, ಕೊಳೆ ಬಂದು ಅಡಿಕೆ ಉದುರತೊಡಗಿದೆ. ಘಟ್ಟ ಇಳಿದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ಹೆದರಿಕೆಯಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ಸೆಕೆಂಡುಗಳಲ್ಲಿ ಎದೆಬಡಿತ ಏರಿಸುತ್ತದೆ. ಇನ್ನೊಂದು ಹಾರ್ಮೋನು ಕಾರ್ಟಿಸೋಲ್ ನಿಮಿಷಗಳ ಲೆಕ್ಕದಲ್ಲಿ ಹಿಂದೆ ಬಂದು, ಯಕೃತ್ತಿನಿಂದ ಸಕ್ಕರೆ ರಕ್ತಕ್ಕೆ ಬಿಡಿಸುತ್ತದೆ. ಹಾವು ಕಂಡು ಓಡುವವನಿಗೆ ಇದು ಬೇಕೇ ಬೇಕು. ಆದರೆ ಮೂರು ತಿಂಗಳ ಸಹಕಾರಿ ಸೊಸೈಟಿ ಸಾಲದ ಚಿಂತೆಗೂ ದೇಹ ಇದನ್ನೇ ಮಾಡುತ್ತದೆ, ಓಟ ಮಾತ್ರ ಇಲ್ಲ. ಹೀಗೆ ಏರಿದ್ದು ಇಳಿಯದೆ ಸವೆತ ಕೂಡುತ್ತಾ ಹೋಗುವುದನ್ನೇ ಮೆಕ್ಯೂಯೆನ್ ಮತ್ತು ಸ್ಟೆಲ್ಲರ್ ಎಂಬ ವಿಜ್ಞಾನಿಗಳು 1993ರಲ್ಲಿ ‘ಅಲೋಸ್ಟ್ಯಾಟಿಕ್ ಲೋಡ್’ ಎಂದು ಕರೆದರು. ಅಮೆರಿಕದ ಓಹಾಯೋದಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನ ಮೇಲೆ 3.5 ಮಿ.ಮೀ. ಗಾಯ ಮಾಡಿ ಗಮನಿಸಿದಾಗ, ಅದು ಮಾಯಲು ಅಂಥ ಹೊಣೆಯ ಒತ್ತಡವಿಲ್ಲದವರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. 1995ರಲ್ಲಿ ಪ್ರಕಟವಾದ ಅಧ್ಯಯನ ಅದು. ತೋಟದಲ್ಲಿ ಕಾಲಿಗೆ ಕತ್ತಿ ತಾಗಿಸಿಕೊಂಡ ಸಕ್ಕರೆ ಕಾಯಿಲೆಯವರಿಗೆ ನಾನು ‘ಔಷಧಿ ಜೊತೆಗೆ ನಿದ್ದೆಯೂ ಬೇಕು’ ಎನ್ನುವುದು ಇದಕ್ಕೇ.

ಹಾಗೆಂದು ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟುವುದಿಲ್ಲ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸುತ್ತೇನೆ. ಸುಸ್ತು ಮತ್ತು ಎದೆ ಡವಡವಕ್ಕೆ ರಕ್ತಹೀನತೆ, ಥೈರಾಯ್ಡ್ ಎರಡೂ ಕಾರಣವಾಗಬಹುದು. ಹೊಟ್ಟೆಹುಣ್ಣಿಗೆ ಹೆಚ್ಚಿನಂಶ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇಲ್ಲವೇ ಬೆನ್ನುನೋವಿಗೆಂದು ದಿನಾ ನುಂಗುವ ನೋವಿನ ಗುಳಿಗೆ ಕಾರಣ. ಎದೆ ಹಿಂಡಿದಂತಾಗಿ, ಬೆವರು ಒಡೆದು, ನೋವು ಎಡತೋಳಿಗೋ ದವಡೆಗೋ ಹೋದರೆ ‘ಗ್ಯಾಸ್ ಇರ್ಬೇಕು ಡಾಕ್ಟ್ರೇ’ ಎಂದು ಸೋಡಾ ಕುಡಿದು ಕೂರಬಾರದು. 108ಕ್ಕೆ ಫೋನ್ ಮಾಡಿ ಇಸಿಜಿ ಇರುವಲ್ಲಿಗೆ ಹೋಗಬೇಕು.

ಆಮೇಲೆ ಬಿಪಿ. ಕ್ಲಿನಿಕ್ಕಿನಲ್ಲಿ ಒಮ್ಮೆ ನೋಡಿದ ಅಂಕಿಯ ಮೇಲೆ ನಾನು ಬೇಗ ತೀರ್ಮಾನಕ್ಕೆ ಬರುವುದಿಲ್ಲ. ಮನೆಯಲ್ಲಿ ಏಳು ದಿನ ನೋಡಿ ಬರೆಯಲು ಹೇಳುತ್ತೇನೆ. ಬೆಳಿಗ್ಗೆ ಗುಳಿಗೆಗೂ ತಿಂಡಿಗೂ ಮೊದಲು, ರಾತ್ರಿ ಮಲಗುವ ಮುಂಚೆ. ಪ್ರತಿಸಲ ಒಂದು ನಿಮಿಷ ಬಿಟ್ಟು ಎರಡು ಬಾರಿ. ಮೊದಲು ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಹಿಂದಿನ ಅರ್ಧ ಗಂಟೆಯಲ್ಲಿ ಚಾ, ಬೀಡಿ, ತಂಬಾಕಿನ ಕವಳ (ಎಲೆಯಡಿಕೆ) ಯಾವುದೂ ಆಗಿರಬಾರದು. ತಪ್ಪುವುದು ಹೆಚ್ಚಾಗಿ ಮೂರು ಕಡೆ: ಕಾಲಮೇಲೆ ಕಾಲು ಹಾಕುವುದು, ಯಂತ್ರ ಓಡುವಾಗ ಮಾತಾಡುವುದು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತುವುದು. ಮೂರೂ ಅಂಕಿಯನ್ನು ಮೇಲಕ್ಕೇ ತಳ್ಳುತ್ತವೆ. ಮರ ಹತ್ತಿ ಗಟ್ಟಿಯಾದ ತೋಳಿಗೆ ದೊಡ್ಡ ಪಟ್ಟಿಯೇ ಬೇಕು. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಮುಟ್ಟಿದರೆ ಅದು ಹೆಚ್ಚೇ. ಬೈದಾಡಿಕೊಂಡ ದಿನ ಒಮ್ಮೆ 160 ಬಂತೆಂದು ಎರಡು ಗುಳಿಗೆ ನುಂಗುವವರಿದ್ದಾರೆ, ಅದು ಬೇಡ.

ಉಸಿರಾಟದ ವಿಷಯದಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ನಾನು ಹೇಳಿಕೊಡುವುದು ಇಷ್ಟೇ: ಜಗಲಿಯ ಮೇಲೆ ಒರಗಿ ಕೂತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರಾಯಿತು. ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಉಸಿರು ಬಿಡುವಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ನಿಧಾನವಾಗುತ್ತದೆ. ಹೊರಗೆ ಬಿಡುವುದು ಉದ್ದವಿರಬೇಕು ಎನ್ನುವುದು ಅದಕ್ಕೆ. ‘ದೀರ್ಘವಾಗಿ’ ಎಂದ ಕೂಡಲೇ ಎದೆ ಉಬ್ಬಿಸಿ ಜೋರಾಗಿ ಎಳೆಯುವವರಿಗೆ ಎರಡೇ ನಿಮಿಷದಲ್ಲಿ ಬೆರಳು ಜುಮುಜುಮು, ತಲೆ ಹಗುರ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದದ್ದೇ ಕಾರಣ. ಆಗ ಉಸಿರಿನ ಪ್ರಮಾಣ ಕಡಿಮೆ ಮಾಡಬೇಕು, ನಿಧಾನ ಮಾತ್ರ ಬಿಡಬಾರದು. ಪಕ್ಕದಲ್ಲಿ ಕೂತವರಿಗೆ ಉಸಿರಿನ ಸದ್ದು ಕೇಳದಿದ್ದರೆ ಸರಿಯಾಗಿದೆ. ಆರು ಎಣಿಸಲು ಕಷ್ಟವಾದರೆ ಮೂರು ಒಳಕ್ಕೆ, ನಾಲ್ಕು ಹೊರಕ್ಕೆ ಎಂದು ಶುರುಮಾಡಬಹುದು. ಇದರಿಂದ ಬಿಪಿ ತುಸು ಇಳಿಯಬಹುದು, ಗುಳಿಗೆ ಬಿಡುವಷ್ಟಲ್ಲ.

ನಿದ್ದೆಗೆ ನಾನು ಹಿಡಿಯುವುದು ಏಳುವ ಹೊತ್ತನ್ನು, ಮಲಗುವ ಹೊತ್ತನ್ನಲ್ಲ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಆರಕ್ಕೆ ಎಂದರೆ ಆರಕ್ಕೇ ಎದ್ದು ಬೆಳಕಿಗೆ ಬರಬೇಕು. ಮಳೆಗಾಲದ ಕತ್ತಲೆಯಲ್ಲಿ ಒಳಕೋಣೆ ಬಿಟ್ಟು ಅಂಗಳದ ಬದಿಗೆ ಕೂರುವುದೂ ಸಾಕು. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಕೂತು, ಕಣ್ಣು ಎಳೆದಾಗ ಮಾತ್ರ ಮರಳುವುದು. ಗಡಿಯಾರ ನೋಡಬಾರದು, ಅಂದಾಜು ಸಾಕು. ಚಹಾ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ ಮೇಲೆ ಕಷಾಯ ಒಳ್ಳೆಯದು. ನಮ್ಮಲ್ಲಿ ಅದು ಹೇಗೂ ಇದೆ. ರಾತ್ರಿಯ ಕವಳ ಬಿಡಿಸುವುದೇ ಕಷ್ಟ. ತಂಬಾಕಿನ ನಿಕೋಟಿನ್ ಎದೆಬಡಿತ ಏರಿಸುತ್ತದೆ, ಅಡಿಕೆಯೂ ಎಚ್ಚರ ತರಿಸುವಂಥದ್ದೇ. ಅಡಿಕೆ ಬೆಳೆಯುವ ಊರಲ್ಲಿ ಕೂತು ಹೇಳುವುದು ಮುಜುಗರವಾದರೂ, ಜಗಿಯುವ ಅಡಿಕೆ ಕ್ಯಾನ್ಸರ್ ತರುತ್ತದೆಂಬುದು ಸಾಬೀತಾದ ವಿಷಯ. ‘ಒಂದು ಕ್ವಾರ್ಟರ್ ಹಾಕಿದರೆ ನಿದ್ದೆ’ ಎನ್ನುವ ಲೆಕ್ಕವೂ ತಪ್ಪು. ಮೊದಲು ನಿದ್ದೆ ಹತ್ತುತ್ತದೆ ನಿಜ, ಎರಡನೇ ಜಾವಕ್ಕೆ ಒಡೆಯುತ್ತದೆ.

ಚಿಂತೆಗೇ ಒಂದು ಹೊತ್ತು ಇಟ್ಟುಕೊಳ್ಳಿ ಎನ್ನುತ್ತೇನೆ: ಸಂಜೆ ಕಾಲು ಗಂಟೆ, ಕಾಗದ ಪೆನ್ನು. ಒಂದು ಬದಿಗೆ ಕೈಯಲ್ಲಿರುವುದು, ಇನ್ನೊಂದು ಬದಿಗೆ ಕೈಮೀರಿದ್ದು. ‘ಮಳೆ’ ಎರಡನೆಯದಕ್ಕೆ. ‘ಬಿಸಿಲು ಬಿದ್ದ ದಿನವೇ ಹೊಡೆಯಲು ಕೊನೆಗೌಡನಿಗೆ ಇಂದೇ ಹೇಳಿಡುವುದು’, ‘ಕಂತು ಮುಂದೂಡಲು ಸೊಸೈಟಿಯಲ್ಲಿ ವಿಚಾರಿಸುವುದು’ ಮೊದಲನೆಯದಕ್ಕೆ. ಮೊದಲನೆಯದರ ಮುಂದೆ ದಿನ, ಹೊತ್ತು ಬರೆಯದಿದ್ದರೆ ಪಟ್ಟಿ ದಂಡ. ಸಾಲವೇ ಕಾರಣವಾದಾಗ ಉಸಿರಾಟವೊಂದನ್ನೇ ಹೇಳಿ ಕಳಿಸುವುದು ನನಗೆ ಸರಿಕಾಣುವುದಿಲ್ಲ.

ನಡಿಗೆ ವಾರಕ್ಕೆ 150 ನಿಮಿಷ. ಮಳೆಯಲ್ಲಿ ಉದ್ದನೆಯ ಜಗಲಿಯೋ ಅಡಿಕೆ ಒಣಗಿಸುವ ಮನೆಯೋ ಸಾಕು. ಕಾರವಾರದವರು ಏಪ್ರಿಲ್, ಮೇನಲ್ಲಿ ಕಡಲತೀರದ ನಡಿಗೆಯನ್ನು ಬೆಳಿಗ್ಗೆ ಏಳರೊಳಗೆ ಮುಗಿಸಲಿ.

ಅಂಗಡಿಯಿಂದ ಚೀಟಿಯಿಲ್ಲದೆ ಅಲ್ಪ್ರಜೋಲಮ್ ಎಂಬ ಆತಂಕ ಇಳಿಸುವ, ನಿದ್ದೆ ಬರಿಸುವ ಗುಳಿಗೆ ತರಿಸುವುದು ಬೇಡ. ಕೆಲವೇ ವಾರದಲ್ಲಿ ಅಭ್ಯಾಸವಾಗುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ನಡುಕ, ಕೆಲವೊಮ್ಮೆ ಫಿಟ್ಸ್. ವೈದ್ಯರ ಕೈಯಲ್ಲೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ಬದುಕು ಬೇಡ ಎನಿಸುತ್ತಿದೆ ಎಂದಾದರೆ ಈ ಕ್ರಮ ಯಾವುದನ್ನೂ ಕಾಯದೆ ಮನೋವೈದ್ಯರಿಗೆ ತೋರಿಸುವುದು. ಹೋಗಲು ವಾಹನವಿಲ್ಲದ ರಾತ್ರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ; ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಹೊತ್ತು ಮನೆಯಲ್ಲಿರುವ ತೋಟದ ವಿಷದ ಡಬ್ಬಿಗಳಿಗೆ ಬೀಗ ಹಾಕಿ, ಕೀಲಿಯನ್ನು ಬೇರೆಯವರು ಇಟ್ಟುಕೊಳ್ಳಬೇಕು.