ಎಲೀಯ ಅನ್ನೋ ಹೆಸರನ್ನು ಬಿಡಿಸಿ ನೋಡುವುದು ಹೇಗೆ?

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಮ್ಮೆ ಪುಟ್ಟ ಹುಡುಗಿಯೊಬ್ಬಳು "ಟೀಚರ್, ಎಲೀಯ ಅಂದ್ರೆ ಏನು?" ಅಂತ ಕೇಳಿದಳು. "ಒಬ್ಬ ಪ್ರವಾದಿ" ಅಂದುಬಿಟ್ಟೆ. ಅವಳು ಕೇಳಿದ್ದು ಅದಲ್ಲ ಅಂತ ಮನೆಗೆ ಬಂದ ಮೇಲೆ ಹೊಳೆಯಿತು. ಮುಂದಿನ ಭಾನುವಾರ ಬೋರ್ಡಿನ ಮೇಲೆ ಹೆಸರನ್ನು ಬಿಡಿಸಿ ತೋರಿಸಿದೆ. ನೀವೂ ಹೀಗೆ ಮಾಡಬಹುದು.

ಮೊದಲು ಹೀಬ್ರೂ ರೂಪ ಬರೆಯಿರಿ: ಎಲಿಯಾಹು. ಅಲ್ಲಿ ಐದೇ ಅಕ್ಷರ, ಬಲದಿಂದ ಎಡಕ್ಕೆ: ಆಲೆಫ್, ಲಾಮೆದ್, ಯೋದ್, ಹೇ, ವಾವ್. ಇದೇ ಹೆಸರು ಗ್ರೀಕಿಗೆ ಹೋಗಿ ಎಲಿಯಾಸ್ ಆಯಿತು, ಅರಬ್ಬಿಯಲ್ಲಿ ಇಲ್ಯಾಸ್. ನಮ್ಮೂರುಗಳಲ್ಲಿ ಎರಡೂ ಹೆಸರಿನವರು ಇದ್ದಾರಲ್ವಾ? ಇಬ್ಬರದೂ ಒಂದೇ ಬೇರು.

ಆಮೇಲೆ ಬಾಲ ಹಿಡಿಯಿರಿ. ಕೊನೆಯ 'ಯಾಹು' ಬೈಬಲಿನಲ್ಲಿ ದೇವರಿಗಿರುವ ಯೆಹೋವ ಅನ್ನೋ ಹೆಸರಿನ ಮೊಟಕು ರೂಪ. ಯೆಶಾಯ, ಯೆರೆಮೀಯ, ಓಬದ್ಯ, ಜೆಕರ್ಯ ಈ ಪ್ರವಾದಿಗಳ ಹೆಸರಿನ ತುದಿಯಲ್ಲಿ ಕೇಳಿಸುವ 'ಯ' ಕೂಡ ಅದೇ.

ಉಳಿದದ್ದು 'ಎಲಿ'. ಎಲ್ ಅಂದರೆ ದೇವರು. ಕನ್ನಡದಲ್ಲಿ 'ನನ್ನ' ಅನ್ನೋದು ಮುಂದೆ ಬರುತ್ತದೆ, ಹೀಬ್ರೂನಲ್ಲಿ ಅದು ಪದದ ಕೊನೆಗೆ ಅಂಟುವ ಬರೀ ಒಂದು 'ಇ'. ಹಾಗಾಗಿ ಎಲಿ ಅಂದರೆ 'ನನ್ನ ದೇವರು'. ಮತ್ತಾಯ 27ರಲ್ಲಿ ಯೇಸು ಶಿಲುಬೆಯ ಮೇಲೆ "ಏಲೀ, ಏಲೀ" ಅಂತ ಕೂಗಿದಾಗ, ಹತ್ತಿರ ನಿಂತಿದ್ದ ಕೆಲವರು ಎಲೀಯನನ್ನು ಕರೆಯುತ್ತಿದ್ದಾನೆ ಅಂದುಕೊಂಡರು. ಯಾಕೆ ಹಾಗೆ ಕೇಳಿಸಿತು ಅಂತ ಈಗ ಗೊತ್ತಾಯಿತಲ್ಲ!

ಎರಡನ್ನೂ ಜೋಡಿಸಿ: 'ಯೆಹೋವನೇ ನನ್ನ ದೇವರು'. ಬೇಕಿದ್ದರೆ ಯೋವೇಲ ಅನ್ನೋ ಇನ್ನೊಬ್ಬ ಪ್ರವಾದಿಯ ಹೆಸರನ್ನೂ ಬಿಡಿಸಿ. 'ಯೋ' ಕೂಡ ಯೆಹೋವ ಹೆಸರಿನ ಮೊಟಕು ರೂಪವೇ. ಯೋ ಮೊದಲು, ಎಲ್ ಆಮೇಲೆ. ಅವೇ ಎರಡು ತುಂಡು, ಜಾಗ ಮಾತ್ರ ಅದಲುಬದಲು.

ಇಷ್ಟಕ್ಕೇ ನಿಲ್ಲಿಸಬೇಡಿ. ಅರ್ಥ ಗೊತ್ತಾದ ಮೇಲೆ ಕಥೆಗೆ ವಾಪಸ್ ಹೋಗಿ. ಸುಮ್ನೆ ಅರ್ಥ ಬಾಯಿಪಾಠ ಮಾಡಿಸಿದರೆ ಮಕ್ಕಳು ನಾಳೆಗೇ ಮರೀತಾರೆ. ಬೈಬಲಿನ ಮೊದಲನೇ ಅರಸುಗಳು 18ನೇ ಅಧ್ಯಾಯ ತೆಗೆಯಿರಿ. ಕರ್ಮೆಲ್ ಬೆಟ್ಟ, ಬಾಳ ಅನ್ನೋ ದೇವತೆಯ 450 ಪ್ರವಾದಿಗಳು, ಎದುರಿಗೆ ಎಲೀಯ ಒಬ್ಬನೇ. ಬಾಳನೋ ಯೆಹೋವನೋ, ಯಾರು ದೇವರು ಅನ್ನೋದೇ ಅಲ್ಲಿನ ಜಗಳ. ಅವನ ಹೆಸರೇ ಅದಕ್ಕೆ ಉತ್ತರ! ಎಲೀಯನ ಪ್ರಾರ್ಥನೆಗೆ ಉತ್ತರವಾಗಿ ಯೆಹೋವನ ಬೆಂಕಿ ಬಿದ್ದ ಮೇಲೆ ಜನ ಏನಂತ ಕೂಗಿದರು ಅಂತ 39ನೇ ವಚನದಲ್ಲಿದೆ. ಅದನ್ನು ಆ ಹುಡುಗಿಯ ಕೈಯಲ್ಲೇ ಓದಿಸಿದೆ.

"ಯೆಹೋವನೇ ದೇವರು, ಯೆಹೋವನೇ ದೇವರು" ಅಂತ ಓದಿ, ಅವಳು ಬೋರ್ಡಿನ ಕಡೆ ತಿರುಗಿದಳು. "ಟೀಚರ್, ಎಲ್ಲರೂ ಅವನ ಹೆಸರನ್ನೇ ಕೂಗ್ತಿದಾರೆ!"